ಯಂತ್ರಕ್ಕೆ ತಾಯಿನುಡಿ ಇಲ್ಲ, ನಾವು ಕಲಿಸಿದ್ದೇ ಅದರ ನುಡಿ!

(ಮಲ್ಪೆಯಲ್ಲಿ ಸೇರಿದ್ದ ಕನ್ನಡ ಯುವಜನರ ಸಭೆಯಲ್ಲಿ ಇಲ್ಲಿನ ಮುದ್ರಣಾಲಯವೊಂದರ ಮಾಲೀಕರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ತಂದೆಯವರ ಪ್ರೆಸ್ಸಿನಲ್ಲಿ ಕೂತವನು. ಮದುವೆ ಕಾಗದ, ನೇಮದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಬಂದರಿನ ಮೀನು ಏಜೆಂಟರ ಬಿಲ್ ಬುಕ್ಕು, ಇಷ್ಟೇ ನನ್ನ ಸಾಹಿತ್ಯಸೇವೆ! ಆದರೆ ಅಕ್ಷರದ ಜೊತೆ ಬದುಕಿದವನು. ಸೀಸದ ಮೊಳೆ ಜೋಡಿಸುವುದನ್ನು ಹುಡುಗನಾಗಿದ್ದಾಗಲೇ ಕಲಿತೆ. ಆ ಅಧಿಕಾರದಿಂದ ನಾಲ್ಕು ಮಾತು ಹೇಳುತ್ತೇನೆ.

ಈ ಮೇಜಿನ ಮೇಲೆ ಇರುವ ಹಳದಿ ತಿರುಗಿದ ಪೆಟ್ಟಿಗೆ ನೋಡಿ. ಮೇಲೆ ಕೀಲಿಗಳು, ಒಳಗೇ ಗಣಕ. ಇದನ್ನು ಟಿವಿಗೆ ಸಿಕ್ಕಿಸಿದರೆ ಕೆಲಸ ಶುರು. ನಲವತ್ತು ವರ್ಷ ಹಿಂದಿನ ಮನೆ ಕಂಪ್ಯೂಟರ್ ಇದು. ಇದನ್ನು ರಿಪೇರಿ ಮಾಡಿ, ಇದಕ್ಕೆ ಕನ್ನಡ ಕಲಿಸಿದ ಕಥೆಯೇ ಇವತ್ತಿನ ನನ್ನ ಮಾತು. "ಕಂಪ್ಯೂಟರ್ ಅಂದರೆ ಇಂಗ್ಲಿಷ್, ಕನ್ನಡಕ್ಕೆ ಅದು ಒಗ್ಗುವುದಿಲ್ಲ" ಎಂದು ನಮ್ಮ ತಲೆಗೆ ಎಷ್ಟು ವರ್ಷ ತುಂಬಿದರು! ಆ ಮಾತು ಎಷ್ಟು ಟೊಳ್ಳು ಎಂಬುದಕ್ಕೆ ಈ ಪೆಟ್ಟಿಗೆಯೇ ಸಾಕ್ಷಿ.

ಇದು ಯಾವ ಯಂತ್ರ?

ಇದರ ಹೆಸರು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್ ಊರಿನ ಏಕಾರ್ನ್ ಎಂಬ ಕಂಪನಿ 1981ರ ಕೊನೆಯಲ್ಲಿ ಹೊರತಂದದ್ದು. ಬಿಬಿಸಿ ಪ್ರಸಾರ ಸಂಸ್ಥೆ ತನ್ನ ದೇಶದ ಜನರಿಗೆ ಗಣಕಶಿಕ್ಷಣ ಕೊಡಬೇಕೆಂದು ಹೊರಟಾಗ ಅದಕ್ಕಾಗಿ ಆಯ್ಕೆಯಾದ ಯಂತ್ರ.

ಅದು ನಮ್ಮ ದೇಶಕ್ಕೂ ಬಂತು. 1984ರಲ್ಲಿ ಕೇಂದ್ರ ಸರ್ಕಾರ "ಕ್ಲಾಸ್" ಎಂಬ ಯೋಜನೆ ಶುರುಮಾಡಿತು, ಶಾಲೆಗಳಲ್ಲಿ ಗಣಕ ಸಾಕ್ಷರತೆ ಎಂದು ಅರ್ಥ. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳು. ಅಲ್ಲಿಗೆ ಹೋದದ್ದು ಇದೇ ಬಿಬಿಸಿ ಮೈಕ್ರೋ. ಮುಂದೆ ಸರ್ಕಾರದ್ದೇ ಆದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಕಂಪನಿ, ಚಂಡೀಗಢದ ಪಕ್ಕದ ಮೊಹಾಲಿಯದು, ಪರವಾನಗಿ ಪಡೆದು ಇದನ್ನೇ "ಎಸ್‌ಸಿಎಲ್ ಯೂನಿಕಾರ್ನ್" ಎಂಬ ಹೆಸರಿನಲ್ಲಿ ತಯಾರಿಸಿತು. ಆ ಕಾರ್ಖಾನೆಯ ಚಿಪ್ ವಿಭಾಗ 1989ರ ಬೆಂಕಿಯಲ್ಲಿ ಸುಟ್ಟುಹೋಯಿತು.

ಇದರ ಶಕ್ತಿ ಎಷ್ಟು? ನೆನಪು 32 ಕೆಬಿ. ನಿಮ್ಮ ಮೊಬೈಲಿನ ಒಂದು ಸಣ್ಣ ಫೋಟೋ ಇದರಲ್ಲಿ ಹಿಡಿಸುವುದಿಲ್ಲ. ಮಿದುಳು 6502 ಎಂಬ ಚಿಪ್, ಎರಡು ಮೆಗಾಹರ್ಟ್ಸ್ ವೇಗ. ನಗಬೇಡಿ! ಇದನ್ನು ಕಟ್ಟಿದ ತಂಡದ ಸ್ಟೀವ್ ಫರ್ಬರ್ ಮತ್ತು ಸೋಫಿ ವಿಲ್ಸನ್ ಅವರೇ 1985ರಲ್ಲಿ ಆರ್ಮ್ ಎಂಬ ಹೊಸ ಪ್ರೊಸೆಸರ್ ಮಾಡಿದರು. ಅದನ್ನು ಮೊದಲು ಪರೀಕ್ಷೆ ಮಾಡಿ ನೋಡಿದ್ದೂ ಬಿಬಿಸಿ ಮೈಕ್ರೋದ ಬೇಸಿಕ್ ಭಾಷೆಯಲ್ಲೇ. ಇವತ್ತು ನಿಮ್ಮ ಕಿಸೆಯಲ್ಲಿರುವ ಮೊಬೈಲಿನ ಒಳಗೆ ಇರುವುದು ಆ ಆರ್ಮ್ ವಂಶದ್ದೇ. ನಿಮ್ಮ ಫೋನಿನ ಅಜ್ಜಿ ಈ ಪೆಟ್ಟಿಗೆ ಅಂದುಕೊಳ್ಳಿ.

ಗುಜರಿಯಿಂದ ಮೇಜಿಗೆ

ಇದು ನನಗೆ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ, ಕಿಲೋ ಲೆಕ್ಕದಲ್ಲಿ. ಒಂದು ಶಾಲೆಯವರು ಕೋಣೆ ಖಾಲಿ ಮಾಡುವಾಗ ಮುರಿದ ಬೆಂಚಿನ ಜೊತೆ ಹಾಕಿದ್ದರಂತೆ.

ಮಲ್ಪೆಯ ಗಾಳಿ ನಿಮಗೆ ಗೊತ್ತುಂಟಲ್ಲ? ಉಪ್ಪಿನ ಗಾಳಿ. ಬೋಟಿನ ಕಬ್ಬಿಣ, ಮನೆಯ ಕಿಟಕಿ, ನಮ್ಮ ಪ್ರೆಸ್ಸಿನ ಟ್ರೆಡಲ್, ಯಾವುದನ್ನೂ ಅದು ಬಿಡುವುದಿಲ್ಲ. ಗಣಕದ ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಚಿಪ್ಪಿನ ಕಾಲುಗಳು ಕಪ್ಪಾಗಿದ್ದವು.

ಹಳೆಯ ಯಂತ್ರ ಸಿಕ್ಕಿದರೆ ನಮ್ಮ ಹುಡುಗರು ಮೊದಲು ಮಾಡುವುದು ಏನು? ಪ್ಲಗ್ ಹಾಕಿ ಸ್ವಿಚ್ ಒತ್ತುವುದು! ಹಾಗೆ ಮಾಡಬೇಡಿ ಮಾರಾಯ್ರೇ. ಇದರ ಪವರ್ ಸಪ್ಲೈ ಒಳಗೆ, ಕರೆಂಟು ಬರುವ ಬಾಯಲ್ಲೇ, ಗದ್ದಲ ತಡೆಯುವ ಕೆಪಾಸಿಟರುಗಳು ಇರುತ್ತವೆ. ವರ್ಷ ಕಳೆದಂತೆ ಅವುಗಳ ಹೊದಿಕೆ ಬಿರುಕು ಬಿಡುತ್ತದೆ, ಒಳಗೆ ತೇವ ಸೇರುತ್ತದೆ. ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೆ ಪಟ್ ಎಂದು ಒಡೆದು ಕೋಣೆ ತುಂಬ ಹೊಗೆ. ಇದು ಈ ಯಂತ್ರಗಳ ಪ್ರಸಿದ್ಧ ರೋಗ. ಆದ್ದರಿಂದ ಮೊದಲು ಅವನ್ನು ಬದಲಾಯಿಸಿ ಆಮೇಲೆ ಸ್ವಿಚ್ಚು. ಈ ಕೆಲಸವನ್ನು ಕರೆಂಟಿನ ಕೆಲಸ ಬಲ್ಲವರ ಹತ್ತಿರವೇ ಮಾಡಿಸಿ. ಪ್ಲಗ್ ತೆಗೆದ ಮೇಲೂ ಅದರ ಒಳಗೆ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ನಮ್ಮಲ್ಲಿ ಬೋಟಿನ ವಯರ್‌ಲೆಸ್ ರಿಪೇರಿ ಮಾಡುವ ಅಣ್ಣ ಒಬ್ಬರು ಇದ್ದಾರೆ. ಅವರೇ ಮಾಡಿಕೊಟ್ಟರು.

ಆಮೇಲೆ ಸಾಕೆಟ್ಟಿನಲ್ಲಿದ್ದ ಚಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಿ, ಕಾಲು ಒರೆಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬೋರ್ಡು ತೊಳೆದು, ಮತ್ತೆ ಕೂರಿಸಿದೆವು. ಮಲ್ಟಿಮೀಟರಿನಲ್ಲಿ ಐದು ವೋಲ್ಟು ಸರಿಯಾಗಿ ಬರುವುದು ಕಂಡ ಮೇಲೆಯೇ ಬೋರ್ಡಿಗೆ ವಯರು ಕೊಟ್ಟದ್ದು. ಎರಡು ಸ್ವರದಲ್ಲಿ ಬೀಪ್ ಎಂದು ಕೂಗಿತು. ಹಳೆಯ ಟಿವಿಯ ಮೇಲೆ ಇಂಗ್ಲಿಷಿನಲ್ಲಿ "ಬಿಬಿಸಿ ಕಂಪ್ಯೂಟರ್ 32ಕೆ" ಎಂದು ಬಂತು. ನಲವತ್ತು ವರ್ಷದ ಮುದುಕಿ ಎದ್ದು ಕೂತಳು. ಈಗಿನ ಕಂಪ್ಯೂಟರ್ ಏಳುವಷ್ಟರಲ್ಲಿ ಒಂದು ಚಹಾ ಕುಡಿಯಬಹುದು. ಇದು ಸ್ವಿಚ್ ಒತ್ತಿದ ಕೂಡಲೇ ತಯಾರು!

ಒಂದು ಸೊನ್ನೆಯ ಲೆಕ್ಕ

ಈಗ ಮುಖ್ಯ ವಿಷಯ. ಪರದೆಯ ಮೇಲೆ ಇಂಗ್ಲಿಷಿನ "ಎ" ಕಾಣಿಸುತ್ತದೆ. ಎಲ್ಲಿಂದ ಬಂತು ಅದು? ಗಣಕಕ್ಕೆ ಇಂಗ್ಲಿಷ್ ಬರುತ್ತದೆಯೇ? ಬರುವುದಿಲ್ಲ ಸ್ವಾಮಿ! ಅದರ ಅಳಿಯದ ನೆನಪಿನಲ್ಲಿ ಒಂದು ಪಟ್ಟಿ ಉಂಟು. ಪ್ರತಿ ಅಕ್ಷರಕ್ಕೆ ಎಂಟು ಸಂಖ್ಯೆ. ಅಷ್ಟೇ.

ರಂಗೋಲಿ ಹಾಕುವಾಗ ಚುಕ್ಕೆ ಇಡುತ್ತಾರಲ್ಲ, ಹಾಗೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ ಅಂದುಕೊಳ್ಳಿ. ಎಡದಿಂದ ಬಲಕ್ಕೆ ಚುಕ್ಕೆಗಳ ಬೆಲೆ 128, 64, 32, 16, 8, 4, 2, 1. ಯಾವ ಚುಕ್ಕೆ ಬೆಳಗಬೇಕೋ ಅದರ ಬೆಲೆ ಕೂಡಿಸಿದರೆ ಆ ಸಾಲಿನ ಸಂಖ್ಯೆ ಸಿಕ್ಕಿತು.

ನಾನು ಮೊದಲು ಬರೆದದ್ದು ಕನ್ನಡದ ಸೊನ್ನೆ, ಅನುಸ್ವಾರ. ಮೇಲಿನ ಅಂಚು ನಡುವಿನ ನಾಲ್ಕು ಚುಕ್ಕೆ: 32, 16, 8, 4 ಕೂಡಿ 60. ಎಡಬಲದ ಅಂಚು: 64 ಮತ್ತು 2 ಕೂಡಿ 66. ಹೀಗೆ 0, 0, 60, 66, 66, 66, 60, 0. ಈ ಯಂತ್ರದಲ್ಲಿ "ವಿಡಿಯು 23" ಎಂಬ ಒಂದು ಆಜ್ಞೆ ಉಂಟು. ಅದರ ಮುಂದೆ ಅಕ್ಷರದ ನಂಬರು 224, ಆಮೇಲೆ ಈ ಎಂಟು ಸಂಖ್ಯೆ. ಮುಗಿಯಿತು. ದುಂಡಗಿನ ಕನ್ನಡದ ಸೊನ್ನೆ ಪರದೆಯ ಮೇಲೆ ಕೂತಿತು.

ಬಂಧುಗಳೇ, ಇದಕ್ಕೆ ಲಂಡನ್ನಿನ ಅನುಮತಿ ಬೇಕಿಲ್ಲ. ದಿಲ್ಲಿಯ ಆದೇಶ ಬೇಕಿಲ್ಲ. ಇಂಗ್ಲಿಷ್ "ಎ"ಗೆ ಎಂಟು ಸಂಖ್ಯೆ, ಕನ್ನಡದ ಸೊನ್ನೆಗೂ ಎಂಟು ಸಂಖ್ಯೆ. ಗಣಕದ ಕಣ್ಣಿಗೆ ಎರಡೂ ಒಂದೇ. ಮೇಲು ಕೀಳು ಮಾಡಿದವರು ನಾವು, ಮನುಷ್ಯರು!

"ಮಲ್ಪೆ" ಬರೆಯುವುದು ಹೇಗೆ?

ಸೊನ್ನೆ ಸುಲಭ. ಮುಂದೆ ನಮ್ಮ ಊರಿನ ಹೆಸರು ಬರೆಯೋಣ ಎಂದು ಕೂತೆವು. ಮಲ್ಪೆ. ಎರಡೇ ಅಕ್ಷರ. ಆದರೆ ಕನ್ನಡದ ಇಡೀ ಕಷ್ಟ, ಇಡೀ ಚಂದ ಆ ಎರಡು ಅಕ್ಷರದಲ್ಲಿ ಉಂಟು.

ಮೊದಲನೆಯದು, ನಮ್ಮ "ಮ" ಅಗಲ. ಎಂಟು ಚುಕ್ಕೆಯಲ್ಲಿ ಹಿಡಿಸುವುದಿಲ್ಲ. ಅಗಲಕ್ಕೆ ಎರಡು ಚೌಕ, ಎತ್ತರಕ್ಕೆ ಎರಡು ಚೌಕ, ಒಟ್ಟು ನಾಲ್ಕು ಚೌಕ ಬೇಕು. ಎರಡನೆಯದು, "ಲ್ಪೆ" ಹೇಳುವಾಗ ಲ, ಪ, ಎ ಎಂಬ ಕ್ರಮ. ಬರೆಯುವಾಗ ಮೇಲೆ "ಲೆ", ಕೆಳಗೆ ಪಕಾರದ ಒತ್ತು. ನಾಲಿಗೆಯ ಕ್ರಮ ಬೇರೆ, ಕಣ್ಣಿನ ಕ್ರಮ ಬೇರೆ. ಒತ್ತಿಗೆ ಕೆಳಗೆ ಇನ್ನೊಂದು ಸಾಲು ಜಾಗ ಬೇಕು. ಹೀಗೆ ಲೆಕ್ಕ ಹಾಕಿದರೆ ಪರದೆಯ ಅಗಲಕ್ಕೆ 20 ಅಕ್ಷರ, ಎತ್ತರಕ್ಕೆ 10 ಸಾಲು. ಸಾಕು. ಮೀನಿನ ಬಿಲ್ಲಿಗೆ ಅದಕ್ಕಿಂತ ಹೆಚ್ಚು ಬೇಡ.

ಆಜ್ಞೆ ಕೊಟ್ಟು ಹೊಸದಾಗಿ ಬರೆಯಲು ಈ ಯಂತ್ರ ಸುಮ್ಮನೆ ಬಿಟ್ಟುಕೊಡುವುದು 32 ಚೌಕ. ಅಕ್ಷರಕ್ಕೆ ನಾಲ್ಕರಂತೆ ಎಂಟು ಅಕ್ಷರಕ್ಕೇ ಮುಗಿಯಿತು. ಆದರೆ ಇದರ ಬೋರ್ಡಿನಲ್ಲಿ ಹೆಚ್ಚಿನ ಚಿಪ್ ಕೂರಿಸಲು ಖಾಲಿ ಸಾಕೆಟ್ ಉಂಟು. ಕಟ್ಟಿದವರು ಮುಂದಿನವರಿಗೆ ಎಂದೇ ಬಿಟ್ಟ ಜಾಗ ಅದು. ಅಲ್ಲಿಗೆ 16 ಕೆಬಿಯ ಈಪ್ರಾಮ್ ಚಿಪ್, ಅಂದರೆ ಒಮ್ಮೆ ಬರೆದರೆ ಕರೆಂಟು ಹೋದರೂ ಮರೆಯದ ಚಿಪ್, ಹಾಕುವುದೆಂದು ತೀರ್ಮಾನಿಸಿದೆವು.

ಇಲ್ಲಿ ನನ್ನ ಹಳೆಯ ಕಸುಬು ಕೈಹಿಡಿಯಿತು. ಮೊಳೆ ಜೋಡಿಸುವವನಿಗೆ ಕನ್ನಡ ಅಂದರೆ 49 ಅಕ್ಷರ ಅಲ್ಲ. ಕೇಸಿನ ಒಂದೊಂದು ಮನೆಯಲ್ಲಿ ಒಂದೊಂದು ತುಂಡು. ಯಾವ ಅಕ್ಷರ ಇಡಿಯಾಗಿ ಬೇಕು, ಯಾವುದನ್ನು ತುಂಡು ಸೇರಿಸಿ ಮಾಡಬಹುದು ಎಂಬುದು ನಮ್ಮ ಬೆರಳಿಗೆ ಗೊತ್ತು. ಗೆರೆ ಕಾಗದದಲ್ಲಿ ಚೌಕ ಹಾಕಿ ಸುಮಾರು 150 ತುಂಡು ಬರೆದೆ. ಒಂದಕ್ಕೆ 32 ಸಂಖ್ಯೆ. 34 ಒತ್ತಕ್ಷರಕ್ಕೆ 16ರಂತೆ ಬೇರೆ. ಎಲ್ಲ ಸೇರಿ ಚಿಪ್ಪಿನ ಮೂರನೇ ಒಂದು ಪಾಲೂ ತುಂಬಲಿಲ್ಲ! ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಪ್ರೋಗ್ರಾಮು ಬರೆದ. ಅದಕ್ಕೆ ಬೇರೆ ಕಂಪ್ಯೂಟರ್ ಬೇಕಾಗಲಿಲ್ಲ. ಈ ಯಂತ್ರದ ಬೇಸಿಕ್ ಒಳಗೇ ಯಂತ್ರಭಾಷೆ ಬರೆಯುವ ಸೌಲಭ್ಯ ಉಂಟು.

ಇನ್ನೊಂದು ತೊಡಕು ಇತ್ತು. ಈ ಗಣಕ ಎಚ್ಚರವಾಗುವುದು "ಮೋಡ್ 7" ಎಂಬ ಪರದೆಯಲ್ಲಿ. ಅಲ್ಲಿ ಅಕ್ಷರ ಬರೆಯುವುದು ಒಂದು ಪ್ರತ್ಯೇಕ ಚಿಪ್. ಅದರ ಹೊಟ್ಟೆಯೊಳಗೆ ರೋಮನ್ ಅಕ್ಷರ ಕೊರೆದು ಮುಚ್ಚಿಬಿಟ್ಟಿದ್ದಾರೆ. ಅದಕ್ಕೆ ಏನೂ ಕಲಿಸಲು ಆಗುವುದಿಲ್ಲ. ಆದರೆ ಕೀಲಿಮಣೆಯ ಬೋರ್ಡಿನ ಮೇಲೆ ಎಂಟು ಸಣ್ಣ ಕೊಂಡಿಗಳ ಜಾಗ ಉಂಟು. ಅದರಲ್ಲಿ ಮೂರು ಕೊಂಡಿ ಯಾವ ಪರದೆಯಲ್ಲಿ ಏಳಬೇಕೆಂದು ಹೇಳುತ್ತವೆ. ಬೆಸುಗೆ ಹಾಕಿ "ಮೋಡ್ 4"ಕ್ಕೆ ತಂದೆವು. ಅದು ಚುಕ್ಕೆಯ ಪರದೆ, ನಮಗೆ ಬೇಕಾದ್ದನ್ನು ಬರೆಯಬಹುದು. ಈಗ ಸ್ವಿಚ್ ಒತ್ತಿದರೆ ನಮ್ಮ ಯಂತ್ರ ಕನ್ನಡದಲ್ಲೇ ನಮಸ್ಕಾರ ಹೇಳುತ್ತದೆ. ಕೆಳಗಿನ ಪ್ರಿಂಟರ್ ಕಿಂಡಿಗೆ ಹಳೆಯ ಡಾಟ್ ಮ್ಯಾಟ್ರಿಕ್ಸ್ ಸಿಕ್ಕಿಸಿದರೆ "ಬಂಗುಡೆ", "ಬೂತಾಯಿ", "ಅಂಜಲ್" ಎಂದು ಬಿಲ್ಲು ಹೊಡೆಯುತ್ತದೆ. ಕ್ಯಾಸೆಟ್ಟಿನ ಬದಲು ಎಸ್‌ಡಿ ಕಾರ್ಡ್ ಹಾಕಿದ್ದೇವೆ.

ಕೀಲಿಮಣೆ ಕೊಟ್ಟ ಮಹನೀಯರು

ಕನ್ನಡ ಕಾಣಿಸಿದರೆ ಆಯಿತೇ? ಒತ್ತುವುದು ಹೇಗೆ? ಇಂಗ್ಲಿಷಿನ 26 ಕೀಲಿಯಲ್ಲಿ ಕನ್ನಡದ ಸಾವಿರಾರು ಗುಣಿತ, ಒತ್ತು ಹೇಗೆ ಬರಬೇಕು?

ಈ ಗಂಟು ಬಿಡಿಸಿದವರು ನಮ್ಮ ಕರಾವಳಿಯವರೇ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು. ಅವರ ಆಲೋಚನೆ ಎಷ್ಟು ಸರಳ ನೋಡಿ. ಆಕಾರದ ಹಿಂದೆ ಹೋಗಬೇಡಿ, ಧ್ವನಿಯ ಹಿಂದೆ ಹೋಗಿ. "ಕೆ" ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಮುಂದೆ ಸ್ವರ ಒತ್ತಿದರೆ ಗುಣಿತ. ಒತ್ತು ಬೇಕಿದ್ದರೆ ನಡುವೆ "ಎಫ್". "ಮಲ್ಪೆ"ಗೆ ಎಂ, ಎಲ್, ಎಫ್, ಪಿ, ಇ. ಐದೇ ಕೀಲಿ! ನಾಲಿಗೆ ಹೇಳುವ ಕ್ರಮದಲ್ಲೇ ಬೆರಳು ಹೋಗುತ್ತದೆ. ಅಕ್ಷರವನ್ನು ಮೇಲೆ ಕೆಳಗೆ ಕೂರಿಸುವ ತಾಪತ್ರಯ ಗಣಕದ್ದು.

1980ರ ದಶಕದ ಕೊನೆಯಲ್ಲೇ ಅವರು ಕನ್ನಡ ತಂತ್ರಾಂಶ ಮಾಡಿದರು. ಅದಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿಕೊಂಡದ್ದು, "ನುಡಿ"ಯಲ್ಲಿ ನೀವು ಒತ್ತುವುದು ಅವರ ವಿನ್ಯಾಸದ ಮೇಲೆ ನಿಂತದ್ದೇ. ಅದಕ್ಕೆ ಅವರು ಬೀಗ ಹಾಕಲಿಲ್ಲ, ಬಾಡಿಗೆ ಕೇಳಲಿಲ್ಲ. ಕನ್ನಡಿಗರಿಗೆಲ್ಲ ಬಿಟ್ಟುಕೊಟ್ಟರು. ನಮ್ಮ ಚಿಪ್ಪಿನ ಉಳಿದ ಜಾಗದಲ್ಲಿ ಹಾಕಿದ್ದು ಅದೇ ಕೀಲಿಮಣೆ. ಎರಡು ಮೆಗಾಹರ್ಟ್ಸಿನ ಈ ಮುದುಕಿ ಅದನ್ನು ಏದುಸಿರು ಬಿಡದೆ ನಡೆಸುತ್ತಾಳೆ.

ಅಂದರೆ ಏನಾಯಿತು? 1984ರ ಯಂತ್ರಕ್ಕೆ ಕನ್ನಡ ನಡೆಸುವ ತಾಕತ್ತು ಇತ್ತು. ಆದರೆ ಶಾಲೆಗೆ ಬರುವಾಗ ಅದು ರೋಮನ್ ಅಕ್ಷರ ಮಾತ್ರ ಹೊತ್ತು ಬಂತು. ಬೇರೆಯವರು ಏನು ಮಾಡಿದರು ಗೊತ್ತೇ? ಜಪಾನಿನಲ್ಲಿ ಎನ್‌ಇಸಿಯಂಥ ಕಂಪನಿಗಳು ಸಾವಿರಾರು ಕಾಂಜಿ ಅಕ್ಷರಗಳ ಚಿಪ್ಪನ್ನೇ ಮಾಡಿ ತಮ್ಮ ಗಣಕಕ್ಕೆ ಕೊಟ್ಟವು. ಕುವೈತಿನ ಒಂದು ಕಂಪನಿ "ಸಖ್ರ್" ಎಂಬ ಹೆಸರಿನಲ್ಲಿ ಮನೆ ಕಂಪ್ಯೂಟರಿಗೆ ಅರಬ್ಬಿ ಹಾಕಿ, ಬಲದಿಂದ ಎಡಕ್ಕೆ ಬರೆಯುವಂತೆ ಮಾಡಿ ಮಾರಿತು. ಎಲ್ಲವೂ 1980ರ ದಶಕದಲ್ಲೇ! ನಮ್ಮಲ್ಲೂ ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಇತ್ತು, ಬುದ್ಧಿಗೆ ಬರ ಇರಲಿಲ್ಲ. ಆದರೆ ಶಾಲೆಯ ಮಗುವಿನ ಮುಂದೆ ಇಟ್ಟ ಯಂತ್ರದಲ್ಲಿ ಮೊದಲ ದಿನದಿಂದ ಮಗುವಿನ ನುಡಿ ಇರಲಿ ಎಂದು ಪಟ್ಟು ಹಿಡಿಯಲಿಲ್ಲ. ಆ ಮಗು ಕಲಿತ ಮೊದಲ ಪಾಠ ಏನು? ಈ ಯಂತ್ರ ನನ್ನದಲ್ಲ ಎಂಬುದು.

ನಮ್ಮ ಹಿರಿಯರು ಹಾಗಿರಲಿಲ್ಲ. 1843ರಲ್ಲಿ "ಮಂಗಳೂರು ಸಮಾಚಾರ" ಬಂದಾಗ ಅಕ್ಷರವನ್ನು ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದರು. ಮುಂದೆ ಸೀಸದ ಮೊಳೆ ಬಂತು. ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂತು. ಟೈಪ್‌ರೈಟರಿಗೆ ಅನಂತಸುಬ್ಬರಾಯರು ಕನ್ನಡ ಕೂರಿಸಿದರು. ಹೊಸ ಯಂತ್ರ ಬಂದಾಗಲೆಲ್ಲ ಯಾರೋ ಒಬ್ಬರು ಬೆನ್ನು ಬಗ್ಗಿಸಿ ಕೂತು ಅದಕ್ಕೆ ಕನ್ನಡ ಕಲಿಸಿದ್ದಾರೆ. ಯಾವ ಯಂತ್ರವೂ ತಾನಾಗಿ ಕಲಿತು ಬಂದಿಲ್ಲ.

ಬೀರುವಿನಲ್ಲಿ ಮೂಗಾದ ಕನ್ನಡ

ಈ ರಿಪೇರಿಯಿಂದ ಇನ್ನೊಂದು ವಿಷಯ ನನಗೆ ನಿಚ್ಚಳವಾಯಿತು. ಅದು ನಿಮಗೂ ಸಂಬಂಧಪಟ್ಟದ್ದು.

ನಾವು ಈ ಪೆಟ್ಟಿಗೆಯಲ್ಲಿ ಮೊದಲು ಮಾಡಿದ್ದು ಏನು? 224 ಎಂಬ ನಂಬರಿನಲ್ಲಿ ಕನ್ನಡದ ಚಿತ್ರ ಕೂರಿಸಿದೆವು. ಇದೇ ಚಿಪ್ ಇದ್ದರೆ ಅದು ಅನುಸ್ವಾರ. ಚಿಪ್ ತೆಗೆದರೆ? ಬರೇ 224. 1990ರ ದಶಕದಲ್ಲಿ ನಮ್ಮ ಡಿಟಿಪಿಗೆ ಬಂದ ಕನ್ನಡ ಫಾಂಟುಗಳೂ ಹೀಗೆಯೇ. ರೋಮನ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡು ಕೂರಿಸಿದ್ದು. "ಮಲ್ಪೆ" ಎಂದರೆ ಒಂದು ಮ, ಒಂದು ಲೆ, ಒಂದು ಪಕಾರದ ಒತ್ತು, ಹೀಗೆ ಕಣ್ಣಿನ ಕ್ರಮದಲ್ಲಿ. ಒಂದೊಂದು ಕಂಪನಿಯದು ಒಂದೊಂದು ನಂಬರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕಸ.

ಯೂನಿಕೋಡ್ ಬಂದ ಮೇಲೆ ಈ ಅವ್ಯವಸ್ಥೆಗೆ ಮದ್ದು ಸಿಕ್ಕಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಅದು ಧ್ವನಿಯ ಕ್ರಮ ಹಿಡಿಯುತ್ತದೆ: ಮ, ಲ, ವಿರಾಮ ಚಿಹ್ನೆ, ಪ, ಎಕಾರ. ಯಾವ ದೇಶದ ಯಾವ ಫೋನಿನಲ್ಲೂ ಅದು ಮಲ್ಪೆಯೇ. ಹುಡುಕಿದರೆ ಸಿಗುತ್ತದೆ, ಅಕಾರಾದಿ ಜೋಡಿಸಬಹುದು, ಕುರುಡರಿಗೆ ಯಂತ್ರ ಓದಿ ಹೇಳುತ್ತದೆ.

ಆದರೆ ಹಳೆಯದರ ಗತಿ? ನನ್ನ ಬೀರುವಿನಲ್ಲಿ ಪೆಟ್ಟಿಗೆಗಟ್ಟಲೆ ಫ್ಲಾಪಿ, ಸಿಡಿ ಉಂಟು. ಊರಿನ ದೇವಸ್ಥಾನಗಳ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗ, ಶಾಲೆಗಳ ಬೆಳ್ಳಿಹಬ್ಬದ ಪುಸ್ತಕ, ಮನೆಯಲ್ಲಿ ತುಳು ಆಡಿ ಕನ್ನಡ ಅಕ್ಷರದಲ್ಲಿ ಬರೆದವರ ಹಾಡುಗಳು. ಎಲ್ಲ ಹಳೆಯ ಫಾಂಟಿನಲ್ಲಿ. ಅರ್ಧ ಫ್ಲಾಪಿಗೆ ಬೂಷ್ಟು ಹಿಡಿದಿದೆ. ಕರ್ನಾಟಕದ ಪ್ರತಿ ಊರಿನ ಪ್ರತಿ ಪ್ರೆಸ್ಸಿನ ಬೀರುವಿನಲ್ಲೂ ಇದೇ ಕಥೆ. ಕನ್ನಡದ ಮೇಲೆ ಹೊರಗಿನವರ ದಾಳಿ ಎಂದು ನಾವು ಕೂಗುತ್ತೇವೆ. ಒಳಗೆ ಬೀರುವಿನಲ್ಲಿ ಕನ್ನಡ ಸದ್ದಿಲ್ಲದೆ ಸಾಯುತ್ತಿದ್ದರೆ ಯಾರ ಮೇಲೆ ಕೂಗೋಣ?

ನೀವು ಮಾಡಬೇಕಾದ್ದು

ನಾನು ಈ ಪೆಟ್ಟಿಗೆಯನ್ನು ಪೂಜೆ ಮಾಡಲು ತಂದದ್ದಲ್ಲ. ಇದರಲ್ಲಿ ಪತ್ರಿಕೆ ಮಾಡಿ ಎಂದೂ ಹೇಳುವುದಿಲ್ಲ. ನನ್ನ ಪ್ರೆಸ್ಸಿನ ಕೆಲಸ ಈಗಿನ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆದರೆ ಹೊಸ ಯಂತ್ರ ಮುಚ್ಚಿದ ಯಂತ್ರ. ಅಕ್ಷರ ಎಲ್ಲಿಂದ ಬರುತ್ತದೆ ಎಂದು ಅದು ತೋರಿಸುವುದಿಲ್ಲ. ಈ ಹಳೆಯದು ಹೊಟ್ಟೆ ತೆರೆದು ತೋರಿಸುತ್ತದೆ. ಒಂದು ಸಂಜೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಸೊನ್ನೆ ಬರೆದು "ಇಷ್ಟೇಯಾ?" ಎಂದು ಕೇಳುತ್ತಾಳೆ. ಆ "ಇಷ್ಟೇಯಾ" ಎಂಬ ಮಾತಿಗಾಗಿ ನಾನು ಇಷ್ಟು ಕಷ್ಟಪಟ್ಟದ್ದು. ಯಂತ್ರದ ಮೇಲಿನ ಭಯ ಹೋದಲ್ಲಿ ನುಡಿಯ ಮೇಲಿನ ಕೀಳರಿಮೆಯೂ ಹೋಗುತ್ತದೆ.

ಆದ್ದರಿಂದ ನಿಮ್ಮ ಬೀದಿಯ ಹಳೆಯ ಶಾಲೆಗಳ ಉಗ್ರಾಣದಲ್ಲಿ ವಿಚಾರಿಸಿ. ಬಿಬಿಸಿ ಮೈಕ್ರೋ, ಯೂನಿಕಾರ್ನ್, ಯಾವುದೇ ಹಳೆಯ ಗಣಕ ಇದ್ದರೆ ಗುಜರಿಗೆ ಹೋಗದಂತೆ ತಡೆಯಿರಿ. ಹತ್ತು ಜನ ಸೇರಿ ಒಂದನ್ನು ಎಬ್ಬಿಸಿ. ನಿಮ್ಮ ಊರಿನ ಪ್ರೆಸ್ಸಿಗೆ ಹೋಗಿ, "ಅಣ್ಣಾ, ಹಳೆಯ ಫ್ಲಾಪಿ ಕೊಡಿ, ಯೂನಿಕೋಡಿಗೆ ತಿರುಗಿಸಿ ಕೊಡುತ್ತೇವೆ" ಎಂದು ಕೇಳಿ. ಪರಿವರ್ತನೆ ಮಾಡುವ ತಂತ್ರಾಂಶಗಳು ಇವೆ, ಕೂತು ತಿದ್ದುವ ಕೈಗಳು ಬೇಕು. ಕೊನೆಗೆ, ಗೆಳೆಯನಿಗೆ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕಳಿಸುವುದನ್ನು ಇವತ್ತಿನಿಂದ ನಿಲ್ಲಿಸಿ. 32 ಕೆಬಿಯ ಮುದುಕಿ ಕನ್ನಡ ಬರೆಯುತ್ತಾಳೆ. ನಿಮ್ಮ ಕಿಸೆಯಲ್ಲಿರುವ ಮೊಮ್ಮಗಳಿಗೆ ಬಾರದೆ ಇರುತ್ತದೆಯೇ? ಬರುತ್ತದೆ. ಕೇಳಬೇಕಾದವರು ನೀವು.

ಸಭೆ ಮುಗಿದ ಮೇಲೆ ಯಂತ್ರ ಇಲ್ಲೇ ಇರುತ್ತದೆ. ಬನ್ನಿ, ನಿಮ್ಮ ನಿಮ್ಮ ಊರಿನ ಹೆಸರು ನೀವೇ ಒತ್ತಿ ನೋಡಿ. ಒತ್ತಕ್ಷರ ಇದ್ದವರು ಮೊದಲು ಬನ್ನಿ!

ಸಿರಿಗನ್ನಡಂ ಗೆಲ್ಗೆ.